ಆರಕ್ಕೆ ಒಂದು: ಸೈಕೋಸಿಸ್ ಶುರುವಾದೋರಿಗೆ ತಮ್ಮ ಕಾಯಿಲೆ ಯಾಕೆ ಕಾಣಲ್ಲ

ನಮ್ಮ ದೊಡ್ಡಮ್ಮನ ಮಗನಿಗೆ ಬಂದಿದ್ದು ಸೈಕೋಸಿಸ್, ಅಂದ್ರೆ ಇಲ್ಲದ ಧ್ವನಿ ಕೇಳೋ, ಇಲ್ಲದ್ದನ್ನ ನಿಜ ಅಂತ ಗಟ್ಟಿಯಾಗಿ ನಂಬೋ ಥರದ ಮನಸ್ಸಿನ ಕಾಯಿಲೆ. ಅವನನ್ನ ಮೊದಲ ಸಲ ಸೈಕಿಯಾಟ್ರಿ ಓಪಿಡಿಗೆ ಕರ್ಕೊಂಡು ಹೋದಾಗ ಅಲ್ಲಿದ್ದ ಪಿಜಿ ಡಾಕ್ಟ್ರು ಮುಕ್ಕಾಲು ಗಂಟೆ ಮಾತಾಡ್ಸಿ ಎರಡು ಪುಟ ಬರೆದ್ರು. ಕೊನೇಲಿ ಒಂದು ಸಾಲು: ಇನ್‌ಸೈಟ್ 1/6. ಫಾರ್ಮಸಿ ಕ್ಯೂನಲ್ಲಿ ನಿಂತಿದ್ದಾಗ ದೊಡ್ಡಮ್ಮ ಫೈಲ್ ತೆಗೆದು ಅದನ್ನ ನೋಡಿ, "ಆರಕ್ಕೆ ಒಂದಾ? ಏನ್ ಪರೀಕ್ಷೆ ಕೊಟ್ರೇ ಅಲ್ಲಿ? ನಮ್ಮೋನು ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದೋನು" ಅಂದ್ರು. ನಂಗೂ ಆಗ ಅದೇನು ಅಂತ ಗೊತ್ತಿರ್ಲಿಲ್ಲ, ಸುಮ್ನಿದ್ದೆ.

ಅದು ಮಾರ್ಕ್ಸ್ ಅಲ್ಲ. ನಮ್ಮಲ್ಲಿ ಸೈಕಿಯಾಟ್ರಿ ಓದೋರು ಪೇಷೆಂಟ್‌ನ ಪರೀಕ್ಷೆ ಮಾಡಿ ಕೊನೇಲಿ ಬರೆಯೋ ಒಂದು ಮೆಟ್ಟಿಲು ಲೆಕ್ಕ ಅದು, ತನಗೆ ಕಾಯಿಲೆ ಇದೆ ಅನ್ನೋದು ಪೇಷೆಂಟ್‌ಗೆ ಎಷ್ಟರ ಮಟ್ಟಿಗೆ ಗೊತ್ತು ಅಂತ. ಒಂದು ಅಂದ್ರೆ ನಂಗೇನೂ ಆಗಿಲ್ಲ ಅಂತ ಪೂರ್ತಿ ತಳ್ಳಿಹಾಕೋದು. ಎರಡರಲ್ಲಿ ಒಂದು ಗಳಿಗೆ ಏನೋ ಆಗಿದೆ ಅಂತಾರೆ, ಮರು ಗಳಿಗೆ ಏನೂ ಇಲ್ಲ ಅಂತಾರೆ. ಮೂರಕ್ಕೆ ಬಂದ್ರೆ ಹುಷಾರಿಲ್ಲ ಅಂತ ಒಪ್ತಾರೆ, ಆದ್ರೆ ಕಾರಣ ಹೊರಗಿನದು, ಯಾರೋ ಏನೋ ಮಾಡಿದಾರೆ, ಇಲ್ಲಾಂದ್ರೆ ಪಿತ್ತ ಕೆದರಿದೆ. ನಾಲ್ಕರಲ್ಲಿ ಕಾರಣ ನನ್ನೊಳಗೇ ಇದೆ, ಏನು ಅಂತ ಮಾತ್ರ ಗೊತ್ತಿಲ್ಲ. ಐದರಲ್ಲಿ ಇದು ಮನಸ್ಸಿನ ಕಾಯಿಲೆ ಅಂತ ಬುದ್ಧಿಗೆ ಗೊತ್ತು, ಬದುಕೋ ರೀತಿಗೆ ಅದು ಇಳಿದಿಲ್ಲ. ಆರರಲ್ಲಿ ಇಳಿದಿರುತ್ತೆ.

ಈಗ ಹಿಂತಿರುಗಿ ನೋಡಿದ್ರೆ ನಂಗೆ ಆ 1/6 ಅನ್ನೋದ್ರ ಮೇಲೇ ಸ್ವಲ್ಪ ಜಗಳ ಇದೆ, ಡಾಕ್ಟ್ರ ಮೇಲಲ್ಲ, ಆ ನಂಬರ್ ಮೇಲೆ. ಯಾಕಂದ್ರೆ ಅವನಿಗೆ ಏನೂ ಗೊತ್ತಿರ್ಲಿಲ್ಲ ಅನ್ನೋದು ಸುಳ್ಳು. ಆಸ್ಪತ್ರೆಗೆ ಹೋಗೋಕೆ ಆರು ತಿಂಗಳ ಮುಂಚೆ, ಬೆಂಗಳೂರಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದು ಇಂಜಿನಿಯರಿಂಗ್ ಓದ್ತಿದ್ದಾಗ, ಅವನಿಗಾಗ 21, ಒಂದು ರಾತ್ರಿ ಫೋನ್ ಮಾಡಿ "ಅಕ್ಕಾ, ಏನೋ ಬದಲಾಗಿದೆ ಕಣೇ, ಎಲ್ಲಾರೂ ನಾಟಕ ಆಡ್ತಿರೋ ಹಾಗೆ ಅನ್ಸುತ್ತೆ, ನಂಗೆ ಓದಕ್ಕೆ ಆಗ್ತಿಲ್ಲ, ಭಯ ಆಗುತ್ತೆ" ಅಂದಿದ್ದ. ನಾನು ಪರೀಕ್ಷೆ ಟೆನ್ಶನ್ನು, ಊಟ ಸರಿಯಾಗಿ ಮಾಡು, ಎರಡು ದಿನ ಊರಿಗೆ ಬಾ ಅಂದೆ. ಅದಾಗಿ ಕೆಲವು ತಿಂಗಳಿಗೆ ಅವನು ಭಯ ಅನ್ನೋ ಮಾತನ್ನೇ ಬಿಟ್ಟ. ಬದಲಿಗೆ ಖಚಿತವಾಗಿ ಹೇಳೋಕೆ ಶುರು ಮಾಡಿದ, ರೂಮ್‌ಮೇಟು ಮತ್ತೆ ಕಾಲೇಜಿನ ಇಬ್ಬರು ಸೇರಿ ಫೋನ್ ಮೂಲಕ ತನ್ನ ಯೋಚನೆ ಓದ್ತಿದಾರೆ, ಗೋಡೆ ಆಚೆಯಿಂದ ತನ್ನ ಬಗ್ಗೆ ಮಾತಾಡ್ತಿದಾರೆ ಅಂತ.

ಅಂದ್ರೆ ಶುರುವಲ್ಲಿ ಅವನಿಗೆ ಅರಿವಿತ್ತು. ಕಾಯಿಲೆ ಬಲಿತ ಹಾಗೆ ಹೋಯ್ತು. ಅಥವಾ ಇನ್ನೂ ಸರಿಯಾಗಿ ಹೇಳ್ಬೇಕು ಅಂದ್ರೆ ಅರಿವು ಹೋಗ್ಲಿಲ್ಲ, ಅದರ ಜಾಗಕ್ಕೆ ಬೇರೆ ಒಂದು ವಿವರಣೆ ಬಂದು ಕೂತ್ಕೊಂಡ್ತು.

ಇದನ್ನ ಜರ್ಮನಿಯ ಕ್ಲೌಸ್ ಕಾನ್ರಾಡ್ ಅನ್ನೋ ಡಾಕ್ಟ್ರು 1958ರಲ್ಲೇ ಬರೆದಿಟ್ಟಿದಾರೆ. ಅವರು ಹೇಳೋ ಪ್ರಕಾರ ಮೊದಲನೇ ಹಂತ ನಾಟಕದ ನಟನಿಗೆ ರಂಗದ ಮೇಲೆ ಹೋಗೋ ಮುಂಚೆ ಆಗೋ ನಡುಕದ ಥರ. ಏನೋ ಆಗೋದಿದೆ, ಏನು ಅಂತ ಗೊತ್ತಿಲ್ಲ, ಸುತ್ತಲಿನ ಗಾಳೀನೇ ಬೇರೆ ಥರ ಇದೆ. ಇದು ವಾರಗಟ್ಟಲೆ, ತಿಂಗಳುಗಟ್ಟಲೆ ಇರಬಹುದು. ಆಮೇಲೆ ಎರಡನೇ ಹಂತ, ಥಟ್ ಅಂತ ಎಲ್ಲಾ ಅರ್ಥ ಆಗ್ಬಿಡುತ್ತೆ: ಓಹ್, ಇದಕ್ಕಾ! ಅವರು ನನ್ನ ನೋಡ್ತಿದಾರೆ! ಅಂತ. ಗಮನಿಸಿ, ಒಳಗಿದ್ದು ನೋಡೋನಿಗೆ ಇದು ಅರಿವು ಕಳ್ಕೊಂಡ ಕ್ಷಣ ಅಲ್ಲ, ಅರಿವು ಬಂದ ಕ್ಷಣ. ತಿಂಗಳುಗಟ್ಟಲೆ ಗೊತ್ತಾಗದೆ ಒದ್ದಾಡ್ತಿದ್ದೋನಿಗೆ ಕೊನೆಗೂ ಉತ್ತರ ಸಿಕ್ಕಿದೆ. ಅಂಥಾ ಟೈಮಲ್ಲಿ ನಾವು ಹೋಗಿ "ಹಾಗೇನಿಲ್ಲಪ್ಪ, ನಿನ್ನ ತಲೆ ಕೆಟ್ಟಿದೆ" ಅಂದ್ರೆ ಅವನು ಯಾಕೆ ಒಪ್ಕೋಬೇಕು?

ಆ ಉತ್ತರ ಯಾಕೆ ಅಷ್ಟು ನಿಜ ಅನ್ಸುತ್ತೆ ಅನ್ನೋದಕ್ಕೆ ಈಗ ಹೆಚ್ಚು ಜನ ಒಪ್ಪೋ ವಿವರಣೆಗಳಲ್ಲಿ ಒಂದು ಶಿತಿಜ್ ಕಪೂರ್ ಅನ್ನೋರು 2003ರಲ್ಲಿ ಬರೆದದ್ದು. ನಮ್ಮ ಮಿದುಳಲ್ಲಿ ಡೋಪಮಿನ್ ಅನ್ನೋ ರಾಸಾಯನಿಕದ ಒಂದು ಕೆಲಸ ಅಂದ್ರೆ, ಇದು ಮುಖ್ಯ, ಇದನ್ನ ಗಮನಿಸು ಅಂತ ಮಾರ್ಕ್ ಹಾಕೋದು. ಸಂತೇಲಿ ನೂರು ದನಿ ಇದ್ರೂ ನಿಮ್ಮ ಹೆಸರು ಯಾರಾದ್ರೂ ಕೂಗಿದ್ರೆ ಕಿವಿ ನಿಮಿರುತ್ತಲ್ಲ, ಆ ಥರ. ಸೈಕೋಸಿಸ್ ಶುರುವಾದಾಗ ಈ ಮಾರ್ಕ್ ಹಾಕೋ ಕೆಲಸ ಹಳಿ ತಪ್ಪಿ ಕಂಡಕಂಡದ್ದಕ್ಕೆಲ್ಲ ಬೀಳುತ್ತೆ. ಬಸ್ಸಲ್ಲಿ ಯಾರೋ ಕೆಮ್ಮಿದ್ದು, ಕೆಂಪು ಕಾರು ಎರಡು ಸಲ ಹೋಗಿದ್ದು, ಟೀವಿಲಿ ಬಂದ ಒಂದು ಪದ, ಎಲ್ಲಾನೂ ನನಗೇ ಅಂತ ಹೇಳಿದ ಹಾಗೆ ಅನ್ಸುತ್ತೆ. ಅನ್ಸೋದು ನಿಜವಾದ ಅನುಭವ. ಆ ಅನುಭವಕ್ಕೆ ಕಾರಣ ಹುಡುಕಿ ಕಟ್ಟಿರೋ ಕಥೆ ಮಾತ್ರ ತಪ್ಪು. ಮಾತ್ರೆಗಳು ಡೋಪಮಿನ್‌ನ ಅಬ್ಬರ ಇಳಿಸುತ್ವೆ, ಕಥೇನ ನೇರವಾಗಿ ಅಳಿಸಲ್ಲ. ಅದಕ್ಕೇ ಮಾತ್ರೆ ಶುರುವಾಗಿ ಒಂದಷ್ಟು ವಾರ ಆದ್ಮೇಲೂ "ಅವರು ಇನ್ನೂ ಮಾತಾಡ್ತಾರೆ, ಆದ್ರೆ ಈಗ ನಂಗೆ ಅಷ್ಟು ತಲೆ ಕೆಡಲ್ಲ" ಅನ್ನೋ ಥರದ ಮಾತು ಪೇಷೆಂಟ್‌ಗಳ ಬಾಯಲ್ಲಿ ಬರುತ್ತೆ. ಮನೆಯೋರಿಗೆ ಇದು ನಿರಾಸೆ. ಆದ್ರೆ ಅದು ಸುಧಾರಣೇನೇ.

ಧ್ವನಿ ಕೇಳೋದಕ್ಕೆ ಬೇರೆ ಒಂದು ವಿವರಣೆ ಇದೆ, ನಂಗೆ ತುಂಬ ಇಷ್ಟವಾದದ್ದು. ನಿಮ್ಮ ಅಂಗೈಗೆ ನೀವೇ ಕಚಗುಳಿ ಇಟ್ಕೊಳ್ಳಿ ನೋಡೋಣ. ಆಗಲ್ಲ. ಕೈ ಆಡಿಸೋ ಮುಂಚೆನೇ ಮಿದುಳು "ಇದು ನಂದೇ ಕೆಲಸ" ಅಂತ ಒಂದು ನಕಲು ಪ್ರತಿ ಒಳಗೇ ಕಳಿಸಿರುತ್ತೆ, ಅದಕ್ಕೆ ಸ್ಪರ್ಶ ಸಪ್ಪೆ ಆಗುತ್ತೆ. 2000ದಲ್ಲಿ ಸಾರಾ ಜೇನ್ ಬ್ಲೇಕ್‌ಮೋರ್, ಕ್ರಿಸ್ ಫ್ರಿತ್ ಮತ್ತೆ ಜೊತೆಯವರು ಇದನ್ನೇ ಪ್ರಯೋಗ ಮಾಡಿ ನೋಡಿದ್ರು. ಧ್ವನಿ ಕೇಳ್ತಿದ್ದ ಅಥವಾ ತನ್ನನ್ನ ಬೇರೆಯವರು ಆಡಿಸ್ತಿದಾರೆ ಅಂತಿದ್ದ ಪೇಷೆಂಟ್‌ಗಳಿಗೆ ತಾನೇ ಮುಟ್ಟಿಕೊಂಡಿದ್ದೂ ಬೇರೆಯವರು ಮುಟ್ಟಿದ್ದೂ ಹೆಚ್ಚುಕಮ್ಮಿ ಒಂದೇ ಥರ ಅನ್ಸಿತ್ತು. ಅಂದ್ರೆ ಆ ನಕಲು ಪ್ರತಿ ಸರಿಯಾಗಿ ತಲುಪ್ತಿಲ್ಲ. ಇದನ್ನೇ ಮನಸ್ಸಿನ ಒಳಗಿನ ಮಾತಿಗೆ ಹಾಕಿ ನೋಡಿ. ನಾವೆಲ್ಲ ಒಳಗೊಳಗೇ ಮಾತಾಡ್ಕೋತೀವಿ, ಅದಕ್ಕೆ "ಇದು ನಂದು" ಅನ್ನೋ ಮುದ್ರೆ ಬೀಳದೆ ಹೋದ್ರೆ ಅದು ಬೇರೆಯವರ ದನಿಯಾಗೇ ಕೇಳಿಸುತ್ತೆ. ಕಿವಿಯಿಂದ ಕೇಳಿದ್ದನ್ನ ಕೇಳಿಲ್ಲ ಅಂತ ನಂಬೋದು ನಿಮ್ಮ ಕೈಲಿ ಆಗುತ್ತಾ?

ಇನ್ನೊಂದು ಮಣಿಗಳ ಆಟ. ಎರಡು ಡಬ್ಬಿ, ಒಂದರಲ್ಲಿ 85 ಕೆಂಪು 15 ನೀಲಿ, ಇನ್ನೊಂದರಲ್ಲಿ ಉಲ್ಟಾ. ಯಾವ ಡಬ್ಬಿ ಅಂತ ಹೇಳದೆ ಒಂದೊಂದೇ ಮಣಿ ತೆಗೆದು ತೋರಿಸ್ತಾರೆ, ನಿಮಗೆ ಖಾತ್ರಿ ಆದಾಗ ಹೇಳ್ಬೇಕು. ಲಂಡನ್ನಿನ ಫಿಲಿಪ್ಪಾ ಗ್ಯಾರೆಟಿ ಮತ್ತೆ ಸಂಗಡಿಗರು 1988ರಿಂದ ಇದನ್ನ ಮಾಡಿ ನೋಡ್ತಾ ಬಂದ್ರು. ತಪ್ಪು ನಂಬಿಕೆ ಗಟ್ಟಿಯಾಗಿರೋರಲ್ಲಿ ತುಂಬ ಜನ ಒಂದೋ ಎರಡೋ ಮಣಿಗೇ ತೀರ್ಮಾನ ಹೇಳ್ಬಿಡ್ತಾರೆ. ಬುದ್ಧಿ ಕಮ್ಮಿ ಅಂತಲ್ಲ, ಸಾಕ್ಷಿ ಸಾಕು ಅನ್ನೋ ಗೆರೆ ಬೇಗ ಬಂದ್ಬಿಡುತ್ತೆ. (ಹೀಗೆ ನೋಡಿದ್ರೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಒಂದು ಮಣೀನೂ ನೋಡದೆ ಫಾರ್ವರ್ಡ್ ಮಾಡೋರಿದಾರೆ, ಅದು ಬೇರೆ ವಿಷ್ಯ.)

ಇನ್ನು ಅನೋಸಾಗ್ನೋಸಿಯಾ ಅನ್ನೋ ದೊಡ್ಡ ಪದ ಇಂಟರ್ನೆಟ್ಟಲ್ಲಿ ಓಡಾಡುತ್ತೆ. 1914ರಲ್ಲಿ ಜೋಸೆಫ್ ಬಾಬಿನ್‌ಸ್ಕಿ ಅನ್ನೋ ಫ್ರೆಂಚ್ ಡಾಕ್ಟ್ರು ಕೊಟ್ಟ ಹೆಸರು. ಸ್ಟ್ರೋಕ್ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿರುತ್ತೆ, ಕೈ ಎತ್ತಿ ಅಂದ್ರೆ "ಎತ್ತಿದೀನಲ್ಲ" ಅಂತಾರೆ. ಸುಳ್ಳು ಹೇಳ್ತಿಲ್ಲ, ಹಠನೂ ಅಲ್ಲ, ಕೈ ಬಿದ್ದಿದೆ ಅಂತ ತಿಳಿಸ್ಬೇಕಾದ ಮಿದುಳಿನ ಭಾಗಕ್ಕೇ ಪೆಟ್ಟಾಗಿದೆ. ಸೈಕೋಸಿಸ್‌ನಲ್ಲೂ ಹೀಗೇ ಅಂತ ಅಮೆರಿಕದ ಸೈಕಾಲಜಿಸ್ಟ್ ಕ್ಸೇವಿಯರ್ ಅಮಡೋರ್ ವಾದ ಮಾಡ್ತಾ ಬಂದಿದಾರೆ. ಅವರ ಅಣ್ಣನಿಗೇ ಸ್ಕಿಜೋಫ್ರೀನಿಯಾ, ಅಂದ್ರೆ ಸೈಕೋಸಿಸ್ ಕಾಣಿಸ್ಕೊಳ್ಳೋ ದೀರ್ಘಕಾಲದ ಕಾಯಿಲೆಗಳಲ್ಲಿ ಒಂದು, ಇತ್ತು. ಈ ಹೋಲಿಕೆಯಿಂದ ಮನೆಯೋರಿಗೆ ಒಂದು ಉಪಕಾರ ಇದೆ, ಇವನು ಬೇಕೂಂತ ಮಾಡ್ತಿಲ್ಲ ಅನ್ನೋದು ತಲೆಗೆ ಹೋಗುತ್ತೆ, ಸಿಟ್ಟು ಅರ್ಧ ಇಳಿಯುತ್ತೆ. ಆದ್ರೆ ಪೂರ್ತಿ ಹೊಂದಲ್ಲ ಅಂತ ನಂಗನ್ಸುತ್ತೆ. ಸೈಕೋಸಿಸ್‌ನಲ್ಲಿ ಅರಿವು ವಾರದಿಂದ ವಾರಕ್ಕೆ ಏರುತ್ತೆ ಇಳಿಯುತ್ತೆ, ಯಾರ ಜೊತೆ ಮಾತಾಡ್ತಿದೀವಿ ಅನ್ನೋದ್ರ ಮೇಲೂ ಬದಲಾಗುತ್ತೆ, ನಾಚಿಕೆ ಮಾನ ಮರ್ಯಾದೆ ಎಲ್ಲಾ ಅದ್ರಲ್ಲಿ ಬೆರೆತಿರುತ್ತೆ. ನಮ್ಮ ಹುಡುಗ ಅಪ್ಪನ ಎದುರು ಏನೂ ಇಲ್ಲ ಅಂತಿದ್ದ, ನನ್ನ ಹತ್ರ ರಾತ್ರಿ ಹೊತ್ತು ಬೇರೆ ಹೇಳ್ತಿದ್ದ.

ಸ್ಕಿಜೋಫ್ರೀನಿಯಾ ಅನ್ನೋ ಪದ ಕೊಟ್ಟ ಬ್ಲಾಯ್ಲರ್ ಇದಕ್ಕೆ ಎರಡು ಲೆಕ್ಕದ ಪುಸ್ತಕ ಇಡೋದು ಅಂತ ಕರೆದಿದ್ರು. ಅಂಗಡಿಯೋರು ತೆರಿಗೆಯೋರಿಗೆ ಒಂದು ಪುಸ್ತಕ, ತಮಗೆ ಒಂದು ಪುಸ್ತಕ ಇಡ್ತಾರಲ್ಲ ಹಾಗೆ. ತಾನು ಮಹಾರಾಜ ಅಂತ ನಂಬಿರೋನು ಆಸ್ಪತ್ರೆ ವಾರ್ಡಲ್ಲಿ ಕಸ ಗುಡಿಸು ಅಂದ್ರೆ ಸುಮ್ನೆ ಗುಡಿಸ್ತಾನೆ. ನಮ್ಮೋನು ಊಟಕ್ಕೆ ವಿಷ ಹಾಕಿದಾರೆ ಅಂತಿದ್ದ ಕಾಲದಲ್ಲೂ ಪಕ್ಕದ ಬೀದಿ ಬೇಕರಿ ದಿಲ್‌ಪಸಂದ್ ತಂದ್ಕೊಟ್ರೆ ತಿಂತಿದ್ದ. ಇದನ್ನ ನೋಡಿ ಮಾವ "ನಾಟಕ ಆಡ್ತಾನೆ" ಅಂದ್ಬಿಟ್ರು. ನಾಟಕ ಅಲ್ಲ, ಎರಡನೇ ಪುಸ್ತಕ ಇನ್ನೂ ಮುಚ್ಚಿಲ್ಲ ಅಂತ ಅರ್ಥ. ಆ ಪುಸ್ತಕದ ಕಡೆಯಿಂದಾನೇ ಮಾತು ಶುರು ಮಾಡಕ್ಕೆ ದಾರಿ ಇರೋದು.

ಹಾಗಾಗಿ ಅರಿವು ಇದೆ ಅಥವಾ ಇಲ್ಲ ಅನ್ನೋ ಸ್ವಿಚ್ ಲೆಕ್ಕ ನಡೆಯಲ್ಲ. ಈ ವಿಷ್ಯದಲ್ಲಿ ಹಳೇ ಕಾಲದ ಮಾತು 1934ರದ್ದು, ಆಬ್ರಿ ಲೂಯಿಸ್ ಅನ್ನೋರು, ತನ್ನಲ್ಲಾಗಿರೋ ರೋಗದ ಬದಲಾವಣೆ ಬಗ್ಗೆ ಸರಿಯಾದ ನಿಲುವು ಇರೋದೇ ಇನ್‌ಸೈಟ್ ಅಂದ್ರು. ಸರಿಯಾದ ನಿಲುವು ಅಂದ್ರೆ ಯಾರ ಪ್ರಕಾರ, ಡಾಕ್ಟ್ರ ಪ್ರಕಾರನಾ? 1970ರ ಆಸುಪಾಸಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ಮಾಡ್ತು, ನಮ್ಮ ದೇಶದಿಂದ ಆಗ್ರಾ ಇತ್ತು. ಅದ್ರಲ್ಲಿ ಸ್ಕಿಜೋಫ್ರೀನಿಯಾ ಇರೋರಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡ ಲಕ್ಷಣ ಧ್ವನಿ ಕೇಳೋದಲ್ಲ, ಅರಿವಿಲ್ಲದಿರೋದು, ನೂರಕ್ಕೆ 97 ಜನರಲ್ಲಿ. ಇದೆ ಇಲ್ಲ ಅಂತ ಕೇಳಿದ್ರೆ ಇಂಥಾ ಉತ್ತರನೇ ಬರೋದು. 1990ರಲ್ಲಿ ಆಂಥನಿ ಡೇವಿಡ್ ಅನ್ನೋ ಬ್ರಿಟಿಷ್ ಸೈಕಿಯಾಟ್ರಿಸ್ಟು ಅದನ್ನ ಮೂರಾಗಿ ಬಿಡಿಸಿದ್ರು: ನಂಗೆ ಮನಸ್ಸಿನ ಕಾಯಿಲೆ ಇದೆ ಅಂತ ಒಪ್ಪೋದು ಒಂದು, ಕೇಳೋ ಧ್ವನಿ ಬರೋ ಅನುಮಾನ ಇವು ಕಾಯಿಲೆಯಿಂದ ಅಂತ ಗುರುತಿಸೋದು ಇನ್ನೊಂದು, ಚಿಕಿತ್ಸೆ ತಗೊಳ್ಳೋದು ಮೂರನೇದು. ಮೂರೂ ಒಟ್ಟಿಗೆ ಬರ್ಬೇಕು ಅಂತಿಲ್ಲ. ನಂಗೇನೂ ಕಾಯಿಲೆ ಇಲ್ಲ ಅಂತಾನೇ ಮಾತ್ರೆ ನುಂಗೋರಿದಾರೆ, ಪೂರ್ತಿ ಒಪ್ಪಿ ಮಾತ್ರೆ ಕಸದ ಬುಟ್ಟಿಗೆ ಹಾಕೋರೂ ಇದಾರೆ.

ನಮ್ಮ ಕಡೆ ಇದಕ್ಕೆ ಇನ್ನೂ ಒಂದು ಗಂಟಿದೆ. ಅದೇ ಡೇವಿಡ್ ಜೊತೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸರವಣನ್, ಕೆ. ಎಸ್. ಜೇಕಬ್ ಇವರೆಲ್ಲ ಸೇರಿ ಮೊದಲ ಸಲ ಕಾಯಿಲೆ ಬಂದೋರನ್ನ ಮಾತಾಡಿಸಿದ್ರು. ಬಹುಪಾಲು ಜನ ಕಾರಣ ಅಂತ ಹೇಳಿದ್ದು ದೈವ, ದೆವ್ವ, ಮಾಟದಂಥವನ್ನೇ. ಒಂದಕ್ಕಿಂತ ಹೆಚ್ಚು ಕಾರಣ ಒಟ್ಟಿಗೆ ಹೇಳಿದೋರೂ ಇದ್ರು, ಮಾಟನೂ ಹೌದು ಟೆನ್ಶನ್ನೂ ಹೌದು ಅನ್ನೋ ಥರ. ಈಗ ಹೇಳಿ, "ನಂಗೆ ಯಾರೋ ಮಾಟ ಮಾಡ್ಸಿದಾರೆ, ಅದಕ್ಕೇ ಧ್ವನಿ ಕೇಳುತ್ತೆ" ಅನ್ನೋ ಹುಡುಗನಿಗೆ ಅರಿವಿಲ್ಲ ಅಂತ ಬರೆಯೋದಾದ್ರೆ, ಪಕ್ಕದಲ್ಲಿ ತಾಯಿತ ಹಿಡ್ಕೊಂಡು ಅದನ್ನೇ ಹೇಳ್ತಿರೋ ಅಪ್ಪ ಅಮ್ಮಂಗೆ ಏನಂತ ಬರೀತೀರಾ? ನಮ್ಮನೇಲೂ ತಡೆ ಒಡೆಸಿದ್ದಾಗಿತ್ತು. ಅವನು ಏನೋ ಆಗಿದೆ, ಪರಿಹಾರ ಬೇಕು ಅಂತ ಒಪ್ಪಿದಾನೆ, ಹೆಸರು ಮಾತ್ರ ಬೇರೆ ಇಟ್ಟಿದಾನೆ. ಇದನ್ನ ಅರ್ಥ ಮಾಡ್ಕೊಂಡ ಡಾಕ್ಟ್ರು "ಪೂಜೆ ಮಾಡ್ಸಿ, ನಂದೇನೂ ಅಭ್ಯಂತರ ಇಲ್ಲ, ಮಾತ್ರೆ ಮಾತ್ರ ನಿಲ್ಲಿಸ್ಬೇಡಿ" ಅಂತಾರೆ. ನಮಗೆ ಸಿಕ್ಕ ಎರಡನೇ ಡಾಕ್ಟ್ರು ಹಾಗೇ ಅಂದ್ರು, ದೊಡ್ಡಮ್ಮಂಗೆ ಅವತ್ತಿಂದ ಅವರೇ ದೇವರು.

ನಾವು ಮಾಡಿದ ತಪ್ಪುಗಳನ್ನೂ ಹೇಳ್ತೀನಿ. ಒಂದೂವರೆ ತಿಂಗಳು ಬರೀ ವಾದ. ಫೋನ್ ಬಿಚ್ಚಿ ತೋರಿಸಿದ್ವಿ, ನೋಡು ಒಳಗೆ ಏನೂ ಇಲ್ಲ ಅಂತ, ಅವನು ಅಲ್ಲಿಂದ ನಮ್ಮನ್ನೂ ಆ ಕಡೆಯೋರ ಲಿಸ್ಟಿಗೆ ಸೇರಿಸಿದ. ಆಮೇಲೆ ದೊಡ್ಡಮ್ಮ ಮಾತ್ರೆ ಪುಡಿ ಮಾಡಿ ಸಾರಿಗೆ ಹಾಕೋಕೆ ಶುರು ಮಾಡಿದ್ರು. ನಮ್ಮ ದೇಶದಲ್ಲಿ ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತೆ, ಬೇರೆ ದಾರಿ ಕಾಣದೆ ಮಾಡ್ತಾರೆ, ನಾನು ಯಾರನ್ನೂ ಬೈಯಲ್ಲ. ಆದ್ರೆ ಎಂಟನೇ ದಿನ ಅವನು ತಟ್ಟೇಲಿ ಬಿಳಿ ಪುಡಿ ನೋಡಿದ. ನೀವು ಊಟಕ್ಕೆ ಏನೋ ಹಾಕ್ತಿದೀರಿ ಅಂತ ತಿಂಗಳಿಂದ ಹೇಳ್ತಿದ್ದೋನಿಗೆ ಅವತ್ತು ಸಾಕ್ಷಿ ಸಿಕ್ತು, ಅವನು ಹೇಳಿದ್ದು ನಿಜಾನೇ ಆಗೋಯ್ತು. ಅಲ್ಲಿಂದ ಅಮ್ಮನ ಕೈ ಅಡುಗೆ ಮುಟ್ಟಕ್ಕೆ ಮೂರು ತಿಂಗಳು ಹಿಡೀತು.

ಕೆಲಸ ಮಾಡಿದ್ದು ಬೇರೆ. ಅಮಡೋರ್ ಅವರ ವಿಧಾನ ಅಂತ ಆಮೇಲೆ ತಿಳೀತು: ಮೊದಲು ಕೇಳಿಸ್ಕೋ, ಅವನ ಸಂಕಟಕ್ಕೆ ಮರುಗು, ಒಪ್ಪಬಹುದಾದ ಒಂದು ವಿಷ್ಯ ಹುಡುಕು, ಅದ್ರ ಮೇಲೆ ಜೊತೆ ಸೇರು. ನಮಗೆ ಸಿಕ್ಕ ವಿಷ್ಯ ನಿದ್ದೆ. "ಅವರು ಕೂಗ್ತಾರೆ ಅಂತ ನಾಲ್ಕು ರಾತ್ರಿ ನಿದ್ದೆ ಮಾಡಿಲ್ವಲ್ಲೋ, ಕಣ್ಣು ನೋಡು ಹೇಗಾಗಿದೆ, ನಿದ್ದೆಗಾದ್ರೂ ಡಾಕ್ಟ್ರ ಹತ್ರ ಹೋಗೋಣ್ವಾ" ಅಂದೆ. ಒಂದು ನಿಮಿಷ ಸುಮ್ನಿದ್ದು "ನಿದ್ದೆಗೆ ಮಾತ್ರ ಅಕ್ಕಾ, ಬೇರೆ ಏನೂ ಮಾತಾಡ್ಬಾರ್ದು" ಅಂದ. ಸರಿ ಅಂದೆ, ಮಾತು ಉಳಿಸ್ಕೊಂಡೆ, ಬೇರೆ ಎಲ್ಲಾ ಅವನೇ ಡಾಕ್ಟ್ರಿಗೆ ಹೇಳಿದ. ಧ್ವನಿ ಸುಳ್ಳು ಅಂತ ನಾನು ಹೇಳ್ಲಿಲ್ಲ, ನಿಜ ಅಂತಾನೂ ಹೇಳ್ಲಿಲ್ಲ. ನಂಗೆ ಕೇಳಿಸಲ್ಲ, ನಿಂಗೆ ಕೇಳಿಸೋದು ನಂಗೆ ಗೊತ್ತಾಗುತ್ತೆ, ಅಷ್ಟೇ.

ಇಷ್ಟೆಲ್ಲ ಆಗೋ ಹೊತ್ತಿಗೆ ದಿನ ಕಳೀತಿರುತ್ತೆ ಅನ್ನೋದೇ ಕಷ್ಟ. ಕಾಯಿಲೆ ಶುರುವಾಗಿ ಚಿಕಿತ್ಸೆ ಸಿಗೋವರೆಗಿನ ಸಮಯ ಉದ್ದ ಆದಷ್ಟೂ ಸುಧಾರಣೆ ಕಷ್ಟ ಅಂತ ಅಧ್ಯಯನ ಮೇಲೆ ಅಧ್ಯಯನ ಹೇಳ್ತಾ ಬಂದಿದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಸೈಕೋಸಿಸ್ ಇರೋರಲ್ಲಿ ಹತ್ತಿರಹತ್ತಿರ ನಾಲ್ಕರಲ್ಲಿ ಮೂರು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕಾಯಿಲೆ ಇದೆ ಅಂತ ತನಗೇ ಅನ್ಸದೋರು ತಾವಾಗಿ ಆಸ್ಪತ್ರೆಗೆ ಬರ್ತಾರಾ, ಅದಕ್ಕೇ ಊರಿಗೇ ಹೋಗ್ಬೇಕು. ನಿಮ್ಹಾನ್ಸ್‌ನೋರು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಲ್ಲಿ ಹಾಗೇ ಮಾಡಿದ್ರು, ತಾಲ್ಲೂಕಿನಲ್ಲಿ ಸ್ಕಿಜೋಫ್ರೀನಿಯಾ ಇರೋರನ್ನ ಹುಡುಕಿ ಅಲ್ಲೇ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಬೆನ್ನು ಹತ್ತಿ ನೋಡ್ಕೊಂಡ್ರು. ಈಗ ಫೋನಲ್ಲಿ ಕೇಳ್ಬೇಕು ಅಂದ್ರೆ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ಪೇಷೆಂಟ್ ಒಪ್ದೇ ಇದ್ರೂ ಮನೆಯೋರು ಮಾಡಿ ಕೇಳಬಹುದು.

ಬಲವಂತ ಮಾಡಬಹುದಾ ಅಂತ ಎಲ್ಲಾರೂ ಕೇಳ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅರಿವು ಬೇರೆ, ನಿರ್ಧಾರ ಮಾಡೋ ಸಾಮರ್ಥ್ಯ ಬೇರೆ ಅಂತ ನೋಡುತ್ತೆ. ಡಾಕ್ಟ್ರ ಮಾತು ಒಪ್ಲಿಲ್ಲ ಅಂದ ಮಾತ್ರಕ್ಕೆ ಸಾಮರ್ಥ್ಯ ಇಲ್ಲ ಅಂತ ಹೇಳಂಗಿಲ್ಲ. ಹೇಳಿದ್ದು ಅರ್ಥ ಆಗುತ್ತಾ, ಒಪ್ಪಿದ್ರೆ ಬಿಟ್ರೆ ಏನಾಗುತ್ತೆ ಅಂತ ಅಂದಾಜಿದ್ಯಾ, ನಿರ್ಧಾರ ತಿಳಿಸಕ್ಕಾಗುತ್ತಾ, ಇವನ್ನ ನೋಡ್ತಾರೆ. ತನಗೋ ಬೇರೆಯವರಿಗೋ ಅಪಾಯ ಆಗೋ ಮಟ್ಟಕ್ಕೆ ಹೋಗಿದ್ರೆ 89ನೇ ಸೆಕ್ಷನ್ ಪ್ರಕಾರ ಪೇಷೆಂಟ್‌ನ ಪ್ರತಿನಿಧಿ ಅರ್ಜಿ ಕೊಡಬಹುದು, ಇಬ್ಬರು ಪರಿಣತರು ಬೇರೆಬೇರೆಯಾಗಿ ಪರೀಕ್ಷೆ ಮಾಡಿ ಒಪ್ಪಿದ್ರೆ 30 ದಿನದವರೆಗೆ ಅಡ್ಮಿಟ್ ಮಾಡ್ಕೋಬಹುದು.

ಅರಿವು ಬಂದ್ಮೇಲೆ ಎಲ್ಲಾ ಸುಸೂತ್ರ ಅಂದ್ಕೊಂಡಿದ್ದೆ. ಇಲ್ಲ. ಮಾತ್ರೆ ಹಿಡಿದು ನಾಲ್ಕೈದು ತಿಂಗಳಿಗೆ ಅವನ ಅನುಮಾನ ಕರಗ್ತಾ ಬಂತು, ಒಂದು ಸಂಜೆ "ಹಾಗಾದ್ರೆ ಇಷ್ಟು ದಿನ ನಂಗೆ ಹುಚ್ಚು ಹಿಡಿದಿತ್ತಾ ಅಕ್ಕಾ" ಅಂದ. ಅಲ್ಲಿಂದ ಮಾತು ಬಿಟ್ಟು ಮಲಗಿದೋನು ಎಷ್ಟೋ ದಿನ ಹಾಸಿಗೆ ಬಿಟ್ಟು ಏಳ್ತಾನೇ ಇರ್ಲಿಲ್ಲ, ರೂಮ್‌ಮೇಟ್‌ಗೆ ಬೈದಿದ್ದು, ಒಂದು ವರ್ಷ ಹೋಗಿದ್ದು, ಎಲ್ಲಾ ಒಟ್ಟಿಗೆ ಮೇಲೆ ಬಿದ್ದಿತ್ತು. ಅರಿವು ಹೆಚ್ಚಾದ ಹಾಗೆ ಖಿನ್ನತೆನೂ ಹೆಚ್ಚಬಹುದು ಅನ್ನೋದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರೋ ವಿಚಿತ್ರ. ಸಾಯೋ ಯೋಚನೆ ಬರೋ ಅಪಾಯನೂ ಈ ಹೊತ್ತಲ್ಲಿ ಇರುತ್ತೆ, ಆದ್ರೆ ಮನೆಯೋರು ಸರಿಹೋದ ಅಂತ ನೋಡೋದು ಬಿಟ್ಟಿರ್ತಾರೆ. 2007ರಲ್ಲಿ ಪಾಲ್ ಲೈಸೇಕರ್ ಮತ್ತೆ ಜೊತೆಯವರು ನೋಡಿದ್ದು ಏನಂದ್ರೆ, ಅರಿವಿದ್ದು ಅದ್ರ ಜೊತೆ ಈ ಕಾಯಿಲೆ ಅಂದ್ರೆ ಬದುಕು ಮುಗೀತು ಅನ್ನೋ ಸಮಾಜದ ಮಾತನ್ನೂ ನುಂಗಿಕೊಂಡೋರಲ್ಲೇ ಭರವಸೆ ತೀರಾ ಕಮ್ಮಿ ಇತ್ತು. ಅರಿವಿನ ಜೊತೆ ಏನು ಬಂತು ಅನ್ನೋದೇ ಮುಖ್ಯ. ಕಾಯಿಲೆ ಒಪ್ಪಿಸೋಕೆ ನಾವು ಆರು ತಿಂಗಳು ಹೆಣಗಾಡಿದ್ವಿ, ಒಪ್ಪಿದ್ಮೇಲೆ ಏನು ಹೇಳ್ಬೇಕು ಅಂತ ಯಾರೂ ಯೋಚನೆ ಮಾಡಿರ್ಲಿಲ್ಲ. ಅವನಿಗೆ ಅವಾಗ ಬೇಕಿದ್ದದ್ದು, ಇದೇ ಕಾಯಿಲೆ ಬಂದು ಈಗ ಕೆಲಸಕ್ಕೆ ಹೋಗ್ತಿರೋ ಒಬ್ಬ ಮನುಷ್ಯನ್ನ ಕಣ್ಣಾರೆ ನೋಡೋದು. ಓಪಿಡಿಲೇ ಒಬ್ರು ಸಿಕ್ರು, ಬ್ಯಾಂಕಲ್ಲಿದ್ರು, ಇಬ್ರೂ ಕ್ಯಾಂಟೀನಲ್ಲಿ ಕಾಫಿ ಕುಡ್ಕೊಂಡು ಒಂದು ಗಂಟೆ ಕೂತಿದ್ರು.

ಸರಿಹೋದೆ ಅಂತ ಮಾತ್ರೆ ಬಿಡೋದು ಆಮೇಲಿನ ಗಂಡಾಂತರ. ಮೊದಲ ಸಲ ಕಾಯಿಲೆ ಬಂದು ಸುಧಾರಿಸಿದೋರನ್ನ ಐದು ವರ್ಷ ಹಿಂಬಾಲಿಸಿದ 1999ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಮಾತ್ರೆ ಬಿಟ್ಟೋರಿಗೆ ಕಾಯಿಲೆ ಮರುಕಳಿಸೋ ಅಪಾಯ ಸುಮಾರು ಐದು ಪಟ್ಟು ಇತ್ತು. ಮರುಕಳಿಸುವಾಗ ಮೊದಲು ಮಸುಕಾಗೋದೂ ಎಷ್ಟೋ ಸಲ ಈ ಅರಿವೇ, ಅದಕ್ಕೆ ಏನು ಮಾಡ್ಬೇಕು ಅನ್ನೋದನ್ನ ಚೆನ್ನಾಗಿರುವಾಗ್ಲೇ ಬರೆದಿಡ್ಬೇಕು. ಕಾಯ್ದೇಲೂ ಅದಕ್ಕೆ ಜಾಗ ಇದೆ, ಮುಂದೆ ನಂಗೆ ಹುಷಾರು ತಪ್ಪಿದ್ರೆ ಹೇಗೆ ಚಿಕಿತ್ಸೆ ಕೊಡ್ಬೇಕು ಹೇಗೆ ಕೊಡಬಾರದು ಅಂತ ಮೊದಲೇ ಬರೆದು ಕೊಡಬಹುದು, ಪ್ರತಿನಿಧಿ ಯಾರು ಅಂತಾನೂ ಹೇಳಬಹುದು. ನಮ್ಮೋನು ಅಷ್ಟು ಕಾನೂನು ಮಾಡಕ್ಕೆ ಹೋಗಿಲ್ಲ, ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಪೆನ್ನಲ್ಲಿ ಬರೆದಿಟ್ಟಿದಾನೆ: ಮೂರು ರಾತ್ರಿ ನಿದ್ದೆ ಇಲ್ಲಾಂದ್ರೆ ಅಕ್ಕಂಗೆ ಫೋನ್. ಟೀವಿಲಿ ನನ್ನ ಬಗ್ಗೆ ಹೇಳಿದ ಹಾಗೆ ಅನ್ಸಿದ್ರೆ ಅವತ್ತೇ ಡಾಕ್ಟ್ರು. ಬೇಡ ಅಂತ ನಾನು ಜಗಳ ಆಡಿದ್ರೆ ಈ ಹಾಳೆ ತೋರಿಸಿ, ಅಕ್ಷರ ನಂದೇ. ಸಾರಲ್ಲಿ ಏನೂ ಹಾಕ್ಬೇಡಿ.